ಕ್ಯೋಟೊದ ಹಳೆಯ ಅರಮನೆಯ ನಕ್ಷೆಯನ್ನು ಬರೆದು ಓದುವ ಬಗೆ

ಜಪಾನಿನ ಕ್ಯೋಟೊ ನಗರದ ನಡುವೆ, ಮಣ್ಣಿನ ಗೋಡೆಯೊಂದರ ಒಳಗೆ, ಅಲ್ಲಿಯ ಚಕ್ರವರ್ತಿಗಳು 1869ರವರೆಗೆ ವಾಸವಾಗಿದ್ದ ಅರಮನೆ ಇದೆ. ಅಲ್ಲಿನವರು ಅದನ್ನು ‘ಗೋಶೊ’ ಎನ್ನುತ್ತಾರೆ. ವಿಜಯಪುರದಲ್ಲಿ ಹುಟ್ಟಿ ಬೆಳೆದವರು ಈ ಅರಮನೆಯ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನಿರಾಶೆಗೊಳ್ಳುವುದು ಸಹಜ. ಅಲ್ಲಿ ಕಲ್ಲಿನ ಕಮಾನಿಲ್ಲ, ಗುಮ್ಮಟವಿಲ್ಲ, ಬುರುಜಿಲ್ಲ. ಮರದ ಕಂಬಗಳ ಮೇಲೆ ತೊಗಟೆ ಹೊದಿಸಿದ ಚಾವಣಿಗಳು ಮತ್ತು ಅವುಗಳ ಮುಂದೆ ಬಿಳಿಯ ನುಣುಪುಗಲ್ಲು ಹರಡಿದ ಬರಿದಾದ ಅಂಗಳ ಮಾತ್ರ ಕಣ್ಣಿಗೆ ಬೀಳುತ್ತವೆ. ವಯಸ್ಸಿನ ಲೆಕ್ಕದಲ್ಲಿಯೂ ನಮ್ಮ ಊರಿನ ಮಹಲುಗಳೇ ಹಿರಿಯವು. ಗಗನ ಮಹಲ್ 1561ರ ಸುಮಾರಿನದು, ಅಸಾರ್ ಮಹಲ್ 1646ರದು. ಗೋಶೊದ ಮುಖ್ಯ ಕಟ್ಟಡಗಳು 1855ರಲ್ಲಿ ಎದ್ದವು.

ಆದರೂ ಆ ಅರಮನೆ ಸಾವಿರ ವರ್ಷಗಳ ನೆನಪನ್ನು ಹೊತ್ತು ನಿಂತಿದೆ. ಆ ನೆನಪು ಮರದಲ್ಲಿ ಉಳಿಯದೆ ವಿನ್ಯಾಸದಲ್ಲಿ ಉಳಿದಿದೆ: ಯಾವ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಬೇಕು, ಯಾರು ಯಾವ ಬಾಗಿಲಿನಿಂದ ಬರಬೇಕು, ಯಾವ ಗಿಡ ಯಾವ ಮಗ್ಗುಲಲ್ಲಿರಬೇಕು ಎಂಬ ಕಟ್ಟುಪಾಡುಗಳು ಬೆಂಕಿಗೆ ಸಿಕ್ಕಿ ನಾಶವಾಗಲಿಲ್ಲ. ಆದ್ದರಿಂದ ಗೋಶೊವನ್ನು ಅರಿಯಬಯಸುವವರು ಮೊದಲು ಅದರ ನಕ್ಷೆಯನ್ನು ತಮ್ಮ ಕೈಯಿಂದ ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಿಜಯಪುರದ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗ ಮಕ್ಕಳಿಂದ ಮೊದಲು ನಮ್ಮ ಊರಿನ ಒಳಕೋಟೆಯಾದ ಅರಕಿಲ್ಲಾದ, ಆಮೇಲೆ ಗೋಶೊದ ನಕ್ಷೆಗಳನ್ನು ಬರೆಯಿಸುತ್ತಿದ್ದೆ. ಆ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ. ಜಪಾನಿಗೆ ಹೋಗಲಿರುವವರಿಗೂ, ಮನೆಯಲ್ಲಿಯೇ ಕುಳಿತು ಓದುವವರಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಬೇಕಾದ ಸಾಮಾನು ಮತ್ತು ಅಳತೆ

ಒಂದು ದೊಡ್ಡ ಡ್ರಾಯಿಂಗ್ ಶೀಟು, ಗ್ರಾಫ್ ಪುಸ್ತಕದ ಒಂದು ಹಾಳೆ, ಪೆನ್ಸಿಲ್, ರಬ್ಬರು, ಅಳತೆಪಟ್ಟಿ, ಕೆಂಪು ಮತ್ತು ನೀಲಿ ಬಣ್ಣದ ಪೆನ್ಸಿಲ್‌ಗಳು ಸಾಕು. ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ 22 ಇಂಚು ಅಗಲ, 28 ಇಂಚು ಉದ್ದದ ಶೀಟು ಈ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ. ಎರಡೂ ಹಾಳೆಗಳಿಗೆ ಒಂದೇ ಪ್ರಮಾಣವನ್ನು ಬಳಸಿರಿ: ಕಾಗದದ ಮೇಲಿನ 1 ಸೆಂಟಿಮೀಟರ್ ಎಂದರೆ ನೆಲದ ಮೇಲಿನ 25 ಮೀಟರ್. ಪ್ರಮಾಣವನ್ನು ಬದಲಾಯಿಸಬಾರದು, ಹಳೆಯ ಅರಮನೆಗೂ ಈಗಿನದಕ್ಕೂ ಇರುವ ಅಂತರ ಕಣ್ಣಿಗೆ ತಾನಾಗಿಯೇ ಕಾಣಬೇಕಾದರೆ ಎರಡೂ ಒಂದೇ ಅಳತೆಯಲ್ಲಿರಬೇಕು.

ಬರೆಯುವ ಮೊದಲು ಅರಕಿಲ್ಲಾಕ್ಕೆ ಒಮ್ಮೆ ಹೋಗಿ ಬನ್ನಿರಿ. ಗಗನ ಮಹಲಿನ ದೊಡ್ಡ ಕಮಾನಿನ ಕೆಳಗೆ ನಿಂತು ಮೊಬೈಲಿನ ದಿಕ್ಸೂಚಿಯನ್ನು ತೆರೆದರೆ ಅದು ಉತ್ತರಕ್ಕೆ ಮುಖ ಮಾಡಿದೆಯೆಂದು ತಿಳಿಯುತ್ತದೆ. ಅಲ್ಲಿಂದ ಪೂರ್ವಕ್ಕೆ, ಕಂದಕದ ಆಚೆಗಿರುವ ಅಸಾರ್ ಮಹಲಿಗೆ ನಡೆದುಹೋದರೆ, ನಾಲ್ಕು ಎತ್ತರದ ಮರದ ಕಂಬಗಳು ಎತ್ತಿ ಹಿಡಿದಿರುವ ಆ ತೆರೆದ ಪಡಸಾಲೆ ಪೂರ್ವಕ್ಕೆ, ಮುಂದಿನ ಹೊಂಡದ ಕಡೆಗೆ ತೆರೆದುಕೊಂಡಿದೆ. ಎರಡೂ ಕಡೆ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಿರಿ: ಆಳುವವನು ಎಲ್ಲಿ ಕುಳಿತಿರಬೇಕು, ಅವನ ಮುಖ ಎತ್ತ ಇದ್ದಿರಬೇಕು, ಜನ ಎಲ್ಲಿ ನಿಂತಿರಬೇಕು? ಬೆಳಗಾವಿ ಅಥವಾ ಬಾಗಲಕೋಟೆಯ ಕಡೆಯವರು ಇದೇ ಅಭ್ಯಾಸವನ್ನು ಹಳೆಯ ದೇಸಾಯಿ ವಾಡೆಯೊಂದರಲ್ಲಿ ಮಾಡಬಹುದು. ಹೆಬ್ಬಾಗಿಲು, ಅಂಗಳ, ಪಡಸಾಲೆ, ನಡುಮನೆ, ದೇವರಕೋಣೆ ಎಂದು ಒಳಗೆ ಹೋದಂತೆಲ್ಲ ಯಾರು ಎಲ್ಲಿಯವರೆಗೆ ಹೋಗಬಹುದಿತ್ತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಂಡರೆ ಗೋಶೊದ ಅರ್ಧ ಪಾಠ ಮುಗಿದಂತೆ.

ಎಡ ಯಾವುದು, ಬಲ ಯಾವುದು

ನಕ್ಷೆಯ ಮೇಲ್ಭಾಗದಲ್ಲಿ ಉತ್ತರವೆಂದು ಬರೆದು ಬಾಣ ಹಾಕಿರಿ. ಆಮೇಲೆ ಹಾಳೆಯ ನಡುವೆ ಒಂದು ಚುಕ್ಕೆ ಇಟ್ಟು, ಅದು ದಕ್ಷಿಣಕ್ಕೆ ಮುಖ ಮಾಡಿ ಕುಳಿತ ಚಕ್ರವರ್ತಿಯೆಂದು ಭಾವಿಸಿರಿ. ಚೀನಾದಿಂದ ಬಂದ ಈ ಪದ್ಧತಿಯಲ್ಲಿ ದೊರೆ ಉತ್ತರದಲ್ಲಿದ್ದು ದಕ್ಷಿಣವನ್ನು ನೋಡುತ್ತಾನೆ. ಹಾಗೆ ಕುಳಿತವನ ಎಡಗೈ ಪೂರ್ವಕ್ಕೆ ಬರುತ್ತದೆ, ಬಲಗೈ ಪಶ್ಚಿಮಕ್ಕೆ. ಗೋಶೊದಲ್ಲಿ ‘ಎಡ’ ಎಂದಲ್ಲೆಲ್ಲ ಪೂರ್ವವೆಂದು, ‘ಬಲ’ ಎಂದಲ್ಲೆಲ್ಲ ಪಶ್ಚಿಮವೆಂದು ಓದಬೇಕು. ಆಸ್ಥಾನದಲ್ಲಿ ಎಡ ಮಂತ್ರಿಯೇ ಬಲ ಮಂತ್ರಿಗಿಂತ ಹಿರಿಯನಾಗಿದ್ದ. ಶುಭಕ್ಕೆಲ್ಲ ಬಲವನ್ನೇ ಮುಂದಿಡುವ ನಮಗೆ ಇದು ಮೊದಲಿಗೆ ತಿರುಗುಮುರುಗಾಗಿ ತೋರುತ್ತದೆ. ಇಂದಿಗೂ ಕ್ಯೋಟೊದಲ್ಲಿ ‘ಸಾಕ್ಯೊ’, ಅಂದರೆ ಎಡ ರಾಜಧಾನಿ, ಎಂಬ ಹೆಸರಿನ ಬಡಾವಣೆ ನಕ್ಷೆಯ ಬಲಗಡೆಗಿದೆ; ‘ಉಕ್ಯೊ’, ಅಂದರೆ ಬಲ ರಾಜಧಾನಿ, ಎಡಗಡೆಗಿದೆ.

ನಾನು ಮೊದಲ ಸಲ ನಕ್ಷೆ ಬರೆದಾಗ ಈ ಒಂದು ಮಾತನ್ನು ತಿಳಿಯದೆ ಅಂಗಳದ ಎರಡು ಮರಗಳನ್ನು ಅದಲುಬದಲು ಮಾಡಿದ್ದೆ. ಆ ಒಂದು ತಪ್ಪಿನಿಂದ ಮುಂದಿನದೆಲ್ಲವೂ ತಪ್ಪಿತು. ಆದ್ದರಿಂದ ಚುಕ್ಕೆಯ ಪೂರ್ವಕ್ಕೆ ‘ಎಡ’, ಪಶ್ಚಿಮಕ್ಕೆ ‘ಬಲ’ ಎಂದು ಕೆಂಪು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ದೊಡ್ಡ ಶೀಟು: ಹೆಯಾನ್ ಕಾಲದ ಮಹಾಪ್ರಾಂಗಣ

710ರಿಂದ 784ರವರೆಗೆ ಜಪಾನಿನ ರಾಜಧಾನಿ ಬಹುಮಟ್ಟಿಗೆ ನಾರಾದಲ್ಲಿತ್ತು. ಅದೇ ಅವಧಿಯಲ್ಲಿ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನಲ್ಲಿ ಚಾಲುಕ್ಯ ವಿಜಯಾದಿತ್ಯನ ಸಂಗಮೇಶ್ವರವೂ ರಾಣಿ ಲೋಕಮಹಾದೇವಿಯ ವಿರೂಪಾಕ್ಷವೂ ಏಳುತ್ತಿದ್ದವೆಂದು ನೆನೆದರೆ ಕಾಲದ ಅಂದಾಜು ಸಿಗುತ್ತದೆ. 784ರಲ್ಲಿ ರಾಜಧಾನಿ ನಾಗಾವೊಕಕ್ಕೆ ಹೋಗಿ, ಹತ್ತೇ ವರ್ಷಗಳಲ್ಲಿ, 794ರಲ್ಲಿ, ಕಾನ್ಮು ಚಕ್ರವರ್ತಿಯ ಆಜ್ಞೆಯಂತೆ ಹೆಯಾನ್‌ಕ್ಯೊ ಎಂಬ ಹೊಸ ನಗರಕ್ಕೆ ಬಂತು. ಇಂದಿನ ಕ್ಯೋಟೊ ಅದೇ. ಚೀನಾದ ಚಾಂಗಾನ್ ನಗರವನ್ನು ಮಾದರಿಯಾಗಿಟ್ಟುಕೊಂಡು, ಪೂರ್ವ ಪಶ್ಚಿಮಕ್ಕೆ ಸುಮಾರು 4.5 ಕಿಲೋಮೀಟರ್, ಉತ್ತರ ದಕ್ಷಿಣಕ್ಕೆ ಸುಮಾರು 5.2 ಕಿಲೋಮೀಟರ್ ವಿಸ್ತಾರದಲ್ಲಿ, ಚೌಕಾಬಾರದ ಮನೆಗಳಂತೆ ಬೀದಿಗಳನ್ನು ಗೆರೆ ಎಳೆದು ಈ ನಗರವನ್ನು ಕಟ್ಟಲಾಯಿತು. ಅದರ ಉತ್ತರ ಭಾಗದ ನಟ್ಟನಡುವೆ ‘ದೈದೈರಿ’, ಅಂದರೆ ಮಹಾಪ್ರಾಂಗಣ, ಇತ್ತು.

ಈಗ ಶೀಟಿನ ಮೇಲೆ 48 ಸೆಂಟಿಮೀಟರ್ ಅಗಲ, 56 ಸೆಂಟಿಮೀಟರ್ ಉದ್ದದ ಆಯತವನ್ನು ಎಳೆಯಿರಿ. ನೆಲದ ಮೇಲೆ ಅದು ಪೂರ್ವ ಪಶ್ಚಿಮಕ್ಕೆ ಸುಮಾರು 1.2 ಕಿಲೋಮೀಟರ್, ಉತ್ತರ ದಕ್ಷಿಣಕ್ಕೆ ಸುಮಾರು 1.4 ಕಿಲೋಮೀಟರ್ ಆಗುತ್ತದೆ. ಕೆಳಗಿನ ಅಂಚಿನ ನಡುವೆ ಸುಝಾಕು ಮಹಾದ್ವಾರವನ್ನು ಗುರುತಿಸಿ, ಅಲ್ಲಿಂದ ದಕ್ಷಿಣಕ್ಕೆ ಸುಝಾಕು ರಾಜಬೀದಿಯನ್ನು ಎಳೆಯಿರಿ. ಆ ಬೀದಿಯ ಅಗಲ ಸುಮಾರು 84 ಮೀಟರ್. ನಿಮ್ಮ ಕಾಗದದ ಮೇಲೆ ಅದೊಂದೇ ಮೂರೂವರೆ ಸೆಂಟಿಮೀಟರಿನಷ್ಟು ಜಾಗ ಹಿಡಿಯುತ್ತದೆ. ಬೀದಿಯ ಇನ್ನೊಂದು ತುದಿಯಲ್ಲಿದ್ದ ರಾಶೋಮೊನ್ ನಗರದ ಹೆಬ್ಬಾಗಿಲು ಶೀಟಿನಿಂದ ಬಹಳ ಆಚೆಗೆ ಹೋಗುತ್ತದೆಯಾದ್ದರಿಂದ ಅದನ್ನು ಬಾಣದಿಂದ ಸೂಚಿಸಿದರೆ ಸಾಕು.

ಆಯತದ ಒಳಗೆ ಮೂರು ಭಾಗಗಳನ್ನು ಮಾತ್ರ ಗುರುತಿಸಿರಿ. ಮಹಾದ್ವಾರದ ನೇರಕ್ಕೆ ಉತ್ತರದಲ್ಲಿ ರಾಜ್ಯದ ದೊಡ್ಡ ಸಮಾರಂಭಗಳು ನಡೆಯುತ್ತಿದ್ದ ಚೋದೋಯಿನ್. ಅದರ ಮುಖ್ಯ ಭವನವೇ ದೈಗೊಕುದೆನ್. ಅದರ ಪಶ್ಚಿಮಕ್ಕೆ ಔತಣಗಳ ಆವರಣವಾದ ಬುರಾಕುಯಿನ್. ಈಶಾನ್ಯಕ್ಕೆ, ನಡುಗೆರೆಯಿಂದ ಪೂರ್ವಕ್ಕೆ ಸರಿದು, ಚಕ್ರವರ್ತಿಯ ವಾಸದ ಆವರಣವಾದ ‘ದೈರಿ’. ಶಿಶಿನ್‌ದೆನ್, ಸೇರ್ಯೋದೆನ್ ಎಂಬ ಹೆಸರಿನ ಕಟ್ಟಡಗಳು ಮೊದಲಿಗೆ ಇದ್ದದ್ದು ಈ ದೈರಿಯೊಳಗೆ. ಅಂದರೆ ಆಡಳಿತದ ಮಹಾಸಭಾಂಗಣವೇ ಬೇರೆ, ದೊರೆಯ ಮನೆಯೇ ಬೇರೆಯಾಗಿತ್ತು. ಈ ವ್ಯತ್ಯಾಸವನ್ನು ನೆನಪಿಡಬೇಕು, ಏಕೆಂದರೆ ಈಗಿನ ಗೋಶೊದಲ್ಲಿ ಅದು ಅಳಿಸಿಹೋಗಿದೆ.

ಅಳಿಸಿದ್ದು ಬೆಂಕಿ. 960ರಲ್ಲಿ ದೈರಿ ಮೊದಲ ಸಲ ಸುಟ್ಟುಹೋಯಿತು. ಅದಾದ ಮೇಲೆ ಕಟ್ಟುವುದು, ಸುಡುವುದು, ಮತ್ತೆ ಕಟ್ಟುವುದು ತಲೆಮಾರುಗಳವರೆಗೆ ನಡೆಯಿತು. 1177ರ ಬೆಂಕಿಗೆ ಸಿಕ್ಕ ದೈಗೊಕುದೆನ್ ಭವನವನ್ನು ಮತ್ತೆ ಕಟ್ಟಲಿಲ್ಲ. 1227ರ ಬೆಂಕಿಯ ನಂತರ ದೈರಿಯನ್ನೂ ಕೈಬಿಡಲಾಯಿತು. ಪ್ರತಿ ಸಲ ಬೆಂಕಿ ಬಿದ್ದಾಗಲೂ ಚಕ್ರವರ್ತಿಗಳು ನಗರದೊಳಗಿನ ಶ್ರೀಮಂತ ಮನೆತನಗಳ ವಾಡೆಗಳಲ್ಲಿ ತಂಗುತ್ತಿದ್ದರು. ಅಂತಹ ತಂಗುಮನೆಗಳಿಗೆ ‘ಸಾತೊ-ದೈರಿ’, ಅಂದರೆ ಊರೊಳಗಿನ ಅರಮನೆ, ಎಂಬ ಹೆಸರಿತ್ತು. ಅವುಗಳಲ್ಲೊಂದಾದ ತ್ಸುಚಿಮಿಕಾದೊ ಮನೆಯಲ್ಲಿ 1331ರಲ್ಲಿ ಕೋಗೊನ್ ಚಕ್ರವರ್ತಿ ಪಟ್ಟವೇರಿದ. ಉತ್ತರ ಮತ್ತು ದಕ್ಷಿಣ ಎಂದು ಇಬ್ಭಾಗವಾಗಿದ್ದ ಆಸ್ಥಾನಗಳು 1392ರಲ್ಲಿ ಒಂದಾದ ಮೇಲೆ ಆ ಸ್ಥಳವೇ ಕಾಯಂ ಅರಮನೆಯಾಯಿತು. ಈಗಿನ ಗೋಶೊ ನಿಂತಿರುವುದು ಅಲ್ಲಿಯೇ.

ಎರಡು ಹಾಳೆಗಳನ್ನು ನೆಲದ ಮೇಲೆ ಹಾಸುವುದು

ಈಗ ಗ್ರಾಫ್ ಹಾಳೆಯನ್ನು ತೆಗೆದುಕೊಂಡು 10 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಉದ್ದದ ಆಯತವನ್ನು ಎಳೆಯಿರಿ. ಗೋಶೊದ ಸುತ್ತುಗೋಡೆ ಪೂರ್ವ ಪಶ್ಚಿಮಕ್ಕೆ ಸುಮಾರು 250 ಮೀಟರ್, ಉತ್ತರ ದಕ್ಷಿಣಕ್ಕೆ ಸುಮಾರು 450 ಮೀಟರ್ ಇದೆ. ದೊಡ್ಡ ಶೀಟನ್ನು ಪಡಸಾಲೆಯ ನೆಲದ ಮೇಲೆ ಹಾಸಿ, ಅದರ ನಡುವಿನಿಂದ ಪೂರ್ವಕ್ಕೆ 80 ಸೆಂಟಿಮೀಟರ್ ಅಳೆದು ಗ್ರಾಫ್ ಹಾಳೆಯ ನಡುವನ್ನು ಅಲ್ಲಿಗೆ ಹೊಂದಿಸಿರಿ, ಏಕೆಂದರೆ ಹಳೆಯ ಪ್ರಾಂಗಣದಿಂದ ಈಗಿನ ಅರಮನೆ ಸುಮಾರು 2 ಕಿಲೋಮೀಟರ್ ಪೂರ್ವಕ್ಕಿದೆ. ಎದ್ದು ನಿಂತು ಎರಡನ್ನೂ ಒಟ್ಟಿಗೆ ನೋಡಿರಿ. ಹದಿನೈದು ಹಾಳೆಗಳನ್ನು ಹಾಸಬಹುದಾದಷ್ಟು ದೊಡ್ಡದಾಗಿದ್ದ ಪ್ರಾಂಗಣವೊಂದು ಒಂದು ಹಾಳೆಗೆ ಇಳಿದದ್ದು ಕಾಣುತ್ತದೆ. ಎಷ್ಟು ಪುಟ ಓದಿಸಿದರೂ ತಿಳಿಯದ ಸಂಗತಿ ಮಕ್ಕಳಿಗೆ ಈ ಒಂದು ನೋಟದಲ್ಲಿ ತಿಳಿಯುವುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ಇಲ್ಲಿ ಒಬ್ಬ ವ್ಯಕ್ತಿಯ ಬಗ್ಗೆ ಹೇಳಲೇಬೇಕು. ಉರಾಮಾತ್ಸು ಕೋಝೆನ್ ಎಂಬ ಆಸ್ಥಾನಿಕ, ಚಕ್ರವರ್ತಿಯ ಅಧಿಕಾರವನ್ನು ಎತ್ತಿಹಿಡಿಯುವ ಪಾಠ ಕೇಳಿದ ಆಸ್ಥಾನಿಕರನ್ನು ದಂಡಿಸಿದ 1758ರ ಹೋರೆಕಿ ಪ್ರಕರಣದಲ್ಲಿ ಶಿಕ್ಷೆಗೆ ಗುರಿಯಾಗಿ ಸುಮಾರು ಮೂವತ್ತು ವರ್ಷ ಮನೆಯೊಳಗೇ ಕಾಲ ಕಳೆಯಬೇಕಾಯಿತು. ಆ ಅವಧಿಯನ್ನು ಅವನು ಕಣ್ಣೆದುರಿಗಿಲ್ಲದ ಹೆಯಾನ್ ಮಹಾಪ್ರಾಂಗಣದ ನಕ್ಷೆಯನ್ನು ಹಳೆಯ ಬರಹಗಳ ಆಧಾರದಿಂದ ಪುನಃ ರೂಪಿಸುವುದರಲ್ಲಿ ಕಳೆದ. 1788ರ ಮಹಾ ಅಗ್ನಿಯಲ್ಲಿ ಕ್ಯೋಟೊದ ಬಹುಭಾಗದ ಜತೆಗೆ ಅರಮನೆಯೂ ಬೂದಿಯಾದಾಗ, ಹೊಸ ಕಟ್ಟಡಗಳನ್ನು ಹಳೆಯ ಕ್ರಮದಲ್ಲಿಯೇ ಕಟ್ಟಬೇಕೆಂಬ ತೀರ್ಮಾನವಾಯಿತು. ಆ ಕೆಲಸದ ಉಸ್ತುವಾರಿ, ಚಕ್ರವರ್ತಿಯ ಹೆಸರಿನಲ್ಲಿ ದೇಶವನ್ನು ನಿಜವಾಗಿ ಆಳುತ್ತಿದ್ದ ಸೇನಾಧಿಪತಿಯಾದ ಶೋಗುನ್‌ನ ಸರ್ಕಾರದ ಹಿರಿಯ ಮಂತ್ರಿ ಮಾತ್ಸುದೈರಾ ಸಾದಾನೊಬುವಿನದಾಗಿತ್ತು. ಅದಕ್ಕೆ ಆಧಾರವಾದದ್ದು ಕೋಝೆನ್‌ನ ಅಧ್ಯಯನ. 1790ರಲ್ಲಿ ಶಿಶಿನ್‌ದೆನ್ ಮತ್ತು ಸೇರ್ಯೋದೆನ್ ಹೆಯಾನ್ ಕಾಲದ ರೂಪದಲ್ಲಿ ಎದ್ದವು. ಅವೂ 1854ರಲ್ಲಿ ಸುಟ್ಟುಹೋದಾಗ ಮರುವರ್ಷವೇ ಅದೇ ವಿನ್ಯಾಸದಲ್ಲಿ ಮತ್ತೆ ಕಟ್ಟಲಾಯಿತು. 1227ರಲ್ಲಿ ಕೈಬಿಟ್ಟ ಅರಮನೆಯ ರೂಪ 563 ವರ್ಷಗಳ ನಂತರ ಕಾಗದದಿಂದ ಎದ್ದು ಬಂದಿತೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ನಕ್ಷೆ ಬರೆಯುತ್ತ ಕುಳಿತಾಗ ನಾವು ಮಾಡುತ್ತಿರುವುದು ಅವನ ಕೆಲಸದ ಒಂದು ಸಣ್ಣ ಪಾಲನ್ನೇ.

ಗೋಡೆ ಮತ್ತು ಆರು ಬಾಗಿಲುಗಳು

ಗೋಶೊದ ಸುತ್ತುಗೋಡೆ ಮಣ್ಣಿನದು. ಅದರ ತಲೆಯ ಮೇಲೆ ಹೆಂಚಿನ ಸಣ್ಣ ಚಾವಣಿಯಿದೆ, ಮೈಮೇಲೆ ಉದ್ದಕ್ಕೂ ಐದು ಬಿಳಿಯ ಗೆರೆಗಳಿವೆ. ಐದು ಗೆರೆಗಳೆಂದರೆ ಅತ್ಯುನ್ನತ ಅಂತಸ್ತಿನ ಗುರುತು. ಕೋಟೆಯ ಗೋಡೆಗಳನ್ನೇ ನೋಡಿ ಬೆಳೆದ ನಾವು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಈ ಗೋಡೆಗೆ ಬುರುಜಿಲ್ಲ, ತೋಪಿನ ಕಂಡಿಯಿಲ್ಲ, ಸುತ್ತಲೂ ಆಳವಾದ ಕಂದಕವಿಲ್ಲ. ಇದು ವೈರಿಗಳನ್ನು ತಡೆಯಲು ಕಟ್ಟಿದ್ದಲ್ಲ. ಕಾವಲಿನ ಬಲವಿದ್ದ ಶೋಗುನ್‌ನಿಗೆ ಕ್ಯೋಟೊದಲ್ಲಿಯೇ ನಿಜೊ ಎಂಬ ಬೇರೆ ಕೋಟೆಯಿತ್ತು.

ಆಯತದ ಅಂಚಿನ ಮೇಲೆ ಆರು ಬಾಗಿಲುಗಳನ್ನು ಗುರುತಿಸಿರಿ. ದಕ್ಷಿಣಕ್ಕೆ ಕೆನ್‌ರೇಮೊನ್, ಇದು ಎಲ್ಲಕ್ಕಿಂತ ಹಿರಿಯ ಬಾಗಿಲು, ಚಕ್ರವರ್ತಿಗೂ ವಿದೇಶಗಳ ರಾಷ್ಟ್ರಮುಖ್ಯಸ್ಥರಿಗೂ ಮಾತ್ರ ತೆರೆಯುತ್ತದೆ. ಪೂರ್ವಕ್ಕೆ ಕೆನ್‌ಶುನ್‌ಮೊನ್, ಉತ್ತರಕ್ಕೆ ಸಾಕುಹೇಮೊನ್. ಪಶ್ಚಿಮದ ಗೋಡೆಯಲ್ಲಿ ಮಾತ್ರ ಮೂರು ಬಾಗಿಲುಗಳಿವೆ: ದಕ್ಷಿಣದಿಂದ ಉತ್ತರಕ್ಕೆ ಗಿಶುಮೊನ್, ಸೇಶೋಮೊನ್, ಕೋಗೊಮೊನ್. ಕೊನೆಯದು ಪಟ್ಟದರಾಣಿಯ ಬಾಗಿಲು. ದಿನನಿತ್ಯದ ಓಡಾಟವೆಲ್ಲ ಪಶ್ಚಿಮದಿಂದಲೇ ನಡೆಯುತ್ತಿತ್ತೆಂದು ಈ ಎಣಿಕೆಯಿಂದಲೇ ಊಹಿಸಬಹುದು.

ಗೋಡೆಯ ಹೊರಗೆ, ಅದೇ ಪ್ರಮಾಣದಲ್ಲಿ 28 ಸೆಂಟಿಮೀಟರ್ ಅಗಲ, 52 ಸೆಂಟಿಮೀಟರ್ ಉದ್ದದ ಇನ್ನೊಂದು ಆಯತವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಎಳೆಯಬಹುದು. ಅದು ಈಗ ಗ್ಯೋಯೆನ್ ಎಂಬ ಸಾರ್ವಜನಿಕ ಉದ್ಯಾನ. ಮೊದಲು ಅಲ್ಲಿ ಆಸ್ಥಾನಿಕ ಮನೆತನಗಳ ನೂರಕ್ಕೂ ಹೆಚ್ಚು ಮನೆಗಳಿದ್ದವು. ಚಕ್ರವರ್ತಿ ಟೋಕಿಯೊಗೆ ಹೊರಟಾಗ ಅವರೂ ಬೆನ್ನುಹತ್ತಿ ಹೋದರು, ಮನೆಗಳು ಪಾಳುಬಿದ್ದವು. 1877ರಲ್ಲಿ ಕ್ಯೋಟೊಗೆ ಬಂದ ಮೇಜಿ ಚಕ್ರವರ್ತಿ ಅರಮನೆಯ ಸ್ಥಿತಿಯನ್ನು ಕಂಡು ಅದನ್ನು ಉಳಿಸಿಕೊಳ್ಳಬೇಕೆಂದು ಸೂಚಿಸಿದ್ದರಿಂದ ಪಾಳುಮನೆಗಳು ತೆರವಾಗಿ ಮರಗಳು ಬಂದವು. ಈ ಉದ್ಯಾನದ ಪಶ್ಚಿಮದ ಹಮಗುರಿ ಬಾಗಿಲಿನ ಮರದ ಮೇಲೆ 1864ರ ಕಾಳಗದ ಗುಂಡಿನ ಗುರುತುಗಳು ಈಗಲೂ ಇವೆ.

ಅಂತಸ್ತಿನ ಹಾದಿ

ಈಗ ನೀಲಿ ಪೆನ್ಸಿಲಿನಿಂದ ಗಿಶುಮೊನ್ ಬಾಗಿಲಿನಿಂದ ಒಳಕ್ಕೆ ಒಂದು ಗೆರೆ ಎಳೆಯಿರಿ. ಅದು ಒಕುರುಮಾಯೊಸೆ ಎಂಬ, ಆಸ್ಥಾನಿಕರು ಗಾಡಿ ಅಥವಾ ಪಲ್ಲಕ್ಕಿಯಿಂದ ಇಳಿಯುತ್ತಿದ್ದ ಮುಖಮಂಟಪಕ್ಕೆ ಮುಟ್ಟುತ್ತದೆ. ಅದಕ್ಕೆ ಸೇರಿದಂತೆ ಮೂರು ಕಾಯುವ ಕೋಣೆಗಳಿವೆ. ಒಳಗೋಡೆಗಳ ಚಿತ್ರಗಳಿಂದ ಅವುಗಳಿಗೆ ಹುಲಿಯ ಕೋಣೆ, ಕೊಕ್ಕರೆಯ ಕೋಣೆ, ಚೆರ್ರಿ ಹೂವಿನ ಕೋಣೆ ಎಂಬ ಹೆಸರುಗಳು ಬಂದಿವೆ. ಅತ್ಯುನ್ನತ ದರ್ಜೆಯವರು ಹುಲಿಯ ಕೋಣೆಯಲ್ಲಿ, ಅದರ ಕೆಳಗಿನವರು ಕೊಕ್ಕರೆಯ ಕೋಣೆಯಲ್ಲಿ, ಇನ್ನೂ ಕೆಳಗಿನವರು ಹೂವಿನ ಕೋಣೆಯಲ್ಲಿ ಕೂರಬೇಕಿತ್ತು. ಹೂವಿನ ಕೋಣೆಯವರಿಗೆ ಮುಖಮಂಟಪದ ಪ್ರವೇಶವೂ ಇರಲಿಲ್ಲ. ಅವರು ಪಕ್ಕದ ಕಲ್ಲಿನ ಮೇಲೆ ಪಾದರಕ್ಷೆ ಬಿಟ್ಟು ನೇರವಾಗಿ ತಮ್ಮ ಕೋಣೆಗೆ ಹತ್ತಬೇಕಿತ್ತು. ಗೌಡರ ವಾಡೆಗೆ ಬಂದವರಲ್ಲಿ ಕೆಲವರು ಪಡಸಾಲೆಯ ಗಾದಿಯ ಮೇಲೆ, ಕೆಲವರು ಕಟ್ಟೆಯ ಮೇಲೆ, ಕೆಲವರು ಅಂಗಳದಲ್ಲಿಯೇ ನಿಲ್ಲುತ್ತಿದ್ದುದನ್ನು ಅಜ್ಜಂದಿರ ಬಾಯಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿಶಿನ್‌ದೆನ್ ಮತ್ತು ಅದರ ಅಂಗಳ

ಈಗ ಕೆಂಪು ಪೆನ್ಸಿಲಿನಿಂದ ಎರಡನೆಯ ಗೆರೆಯನ್ನು ಎಳೆಯಬೇಕು. ದಕ್ಷಿಣದ ಕೆನ್‌ರೇಮೊನ್‌ನಿಂದ ಉತ್ತರಕ್ಕೆ ನೇರವಾಗಿ ಹೊರಟರೆ ಮೊದಲು ಜೋಮೇಮೊನ್ ಎಂಬ ಒಳಬಾಗಿಲು ಸಿಗುತ್ತದೆ. ಅದರ ಕಂಬಗಳು ಕುಂಕುಮಗೆಂಪು, ಚಾವಣಿ ಹೆಂಚಿನದು. ಅದರ ಎರಡೂ ಕಡೆಗಳಿಂದ ಹೊರಟ ಮುಚ್ಚುಮೊಗಸಾಲೆ ಅಂಗಳವನ್ನು ಬಳಸಿಕೊಂಡು ಹೋಗುತ್ತದೆ. ಪೂರ್ವದ ಮಗ್ಗುಲಲ್ಲಿ ನಿಕ್ಕಾಮೊನ್, ಅಂದರೆ ಸೂರ್ಯನ ಹೆಸರಿನ ಬಾಗಿಲು, ಪಶ್ಚಿಮದಲ್ಲಿ ಗೆಕ್ಕಾಮೊನ್, ಅಂದರೆ ಚಂದ್ರನ ಹೆಸರಿನ ಬಾಗಿಲು. ಅಂಗಳದ ಉತ್ತರಕ್ಕೆ, ಎತ್ತರದ ನೆಲಗಟ್ಟಿನ ಮೇಲೆ, ದಕ್ಷಿಣಾಭಿಮುಖವಾಗಿ ಶಿಶಿನ್‌ದೆನ್ ನಿಂತಿದೆ. ಅದರ ಅಗಲ ಸುಮಾರು 33 ಮೀಟರ್, ಆಳ ಸುಮಾರು 23 ಮೀಟರ್, ಎತ್ತರ ಸುಮಾರು 20 ಮೀಟರ್. ನಿಮ್ಮ ಹಾಳೆಯ ಮೇಲೆ ಅದು 13 ಮಿಲಿಮೀಟರ್ ಅಗಲದ, 9 ಮಿಲಿಮೀಟರ್ ಆಳದ ಪುಟ್ಟ ಚೌಕ ಮಾತ್ರ. ಇಡೀ ಅರಮನೆಯ ಕೇಂದ್ರವೆನಿಸಿದ ಕಟ್ಟಡ ಇಷ್ಟು ಚಿಕ್ಕದಾಗಿ, ಅದರ ಮುಂದಿನ ಬಯಲು ಅಷ್ಟು ದೊಡ್ಡದಾಗಿ ಬರುವುದನ್ನು ಕಂಡು ಅಳತೆ ತಪ್ಪಿತೆಂದು ಅಳಿಸಬೇಡಿರಿ. ಸಮಾರಂಭದ ದಿನ ಆಸ್ಥಾನಿಕರು ದರ್ಜೆಯ ಪ್ರಕಾರ ಸಾಲಾಗಿ ನಿಲ್ಲುತ್ತಿದ್ದದ್ದು ಆ ಬಯಲಿನಲ್ಲಿ. ಬಯಲೂ ಕಟ್ಟಡದ ಒಂದು ಭಾಗವೇ.

ಭವನದ ಮುಂದೆ 18 ಮೆಟ್ಟಿಲುಗಳಿವೆ. ಮೆಟ್ಟಿಲುಗಳ ಪೂರ್ವಕ್ಕೆ ಚೆರ್ರಿ ಮರ, ಪಶ್ಚಿಮಕ್ಕೆ ತಾಚಿಬಾನಾ ಎಂಬ ಕಿತ್ತಳೆ ಜಾತಿಯ ಗಿಡ. ಮೊದಲನೆಯದಕ್ಕೆ ‘ಎಡದ ಚೆರ್ರಿ’ ಎಂದೂ ಎರಡನೆಯದಕ್ಕೆ ‘ಬಲದ ತಾಚಿಬಾನಾ’ ಎಂದೂ ಹೆಸರು. ದಕ್ಷಿಣದಿಂದ ನಿಂತು ನೋಡುವವರಿಗೆ ಚೆರ್ರಿ ಬಲಗಡೆಗೆ ಕಾಣುತ್ತದೆ. ಹೆಸರಿಟ್ಟವರು ಒಳಗೆ ಕುಳಿತವನ ಕಣ್ಣಿನಿಂದ ನೋಡಿದ್ದಾರೆ. ಮೊದಲಿಗೆ ಪೂರ್ವದಲ್ಲಿ ಇದ್ದದ್ದು ಪ್ಲಮ್ ಮರ. ಒಂಬತ್ತನೆಯ ಶತಮಾನದಲ್ಲಿ ಅದರ ಜಾಗಕ್ಕೆ ಚೆರ್ರಿ ಬಂತು. ಚೀನಾದ ಅಭಿರುಚಿಯಿಂದ ಜಪಾನ್ ತನ್ನದೇ ಅಭಿರುಚಿಗೆ ಹೊರಳಿದ್ದಕ್ಕೆ ಇದಕ್ಕಿಂತ ಚೆಂದದ ಗುರುತು ಬೇರೆ ಇಲ್ಲವೆಂದು ನನಗೆ ಅನ್ನಿಸುತ್ತದೆ.

ಭವನದ ಒಳವಿನ್ಯಾಸವನ್ನು ಬಿಡಿ ಹಾಳೆಯೊಂದರ ಮೇಲೆ ದೊಡ್ಡದಾಗಿ ಬರೆಯುವುದು ಒಳ್ಳೆಯದು. ನಡುವೆ ‘ಮೊಯಾ’ ಎಂಬ ಮುಖ್ಯ ಅಂಕಣ, ಅದರ ನಾಲ್ಕೂ ಕಡೆ ‘ಹಿಸಾಶಿ’ ಎಂಬ ಪಕ್ಕದಂಕಣಗಳು, ಅವುಗಳ ಹೊರಗೆ ಕಟಾಂಜನವಿರುವ ತೆರೆದ ಜಗುಲಿ. ಗೋಡೆಗಳ ಬದಲಿಗೆ ಮೇಲಕ್ಕೆ ಎತ್ತಿ ಕೊಕ್ಕೆಗೆ ಸಿಕ್ಕಿಸುವ ಜಾಲರಿ ಹಲಗೆಗಳು. ಚಾವಣಿಗೆ ಹಿನೋಕಿ ಮರದ ತೊಗಟೆಯನ್ನು ಪದರದ ಮೇಲೆ ಪದರವಾಗಿ ಹೊದಿಸಿ ಬಿದಿರಿನ ಮೊಳೆಗಳಿಂದ ಬಿಗಿದಿರುತ್ತಾರೆ. ನಡುವೆ ‘ತಾಕಾಮಿಕುರಾ’ ಎಂಬ ಎಂಟು ಮೂಲೆಯ ಮಂಟಪದಂತಹ ಸಿಂಹಾಸನ, ಅದರ ಪಕ್ಕಕ್ಕೆ ಪಟ್ಟದರಾಣಿಯ ಸ್ವಲ್ಪ ಚಿಕ್ಕದಾದ ಆಸನ. ಹಿಂದಿನ ಹಲಗೆಗಳ ಮೇಲೆ ಪ್ರಾಚೀನ ಚೀನಾದ 32 ಜ್ಞಾನಿಗಳ ಚಿತ್ರಗಳಿವೆ. ದೈಗೊಕುದೆನ್ ಇಲ್ಲವಾದ ಮೇಲೆ ಅದರಲ್ಲಿ ನಡೆಯುತ್ತಿದ್ದ ಪಟ್ಟಾಭಿಷೇಕವೂ ಕಾಲಕ್ರಮೇಣ ಈ ಭವನಕ್ಕೆ ಬಂತು. ದೊಡ್ಡ ಶೀಟಿನ ಎರಡು ಆವರಣಗಳು ಇಲ್ಲಿ ಒಂದರೊಳಗೊಂದು ಸೇರಿದ್ದು ಹೀಗೆ. ಮೇಜಿ ಚಕ್ರವರ್ತಿಯ ಪಟ್ಟಾಭಿಷೇಕ 1868ರಲ್ಲಿ, ತೈಶೊ ಚಕ್ರವರ್ತಿಯದು 1915ರಲ್ಲಿ, ಶೋವಾ ಚಕ್ರವರ್ತಿಯದು 1928ರಲ್ಲಿ ಇಲ್ಲಿಯೇ ನಡೆದವು. 1990 ಮತ್ತು 2019ರ ಸಮಾರಂಭಗಳು ಟೋಕಿಯೊದಲ್ಲಿ ನಡೆದವಾದರೂ ತಾಕಾಮಿಕುರಾವನ್ನು ಇಲ್ಲಿಂದಲೇ ಒಯ್ದಿದ್ದರು.

ಸೇರ್ಯೋದೆನ್: ಗಚ್ಚಿನ ನೆಲದ ಮೂಲೆ

ಶಿಶಿನ್‌ದೆನ್‌ನ ವಾಯವ್ಯಕ್ಕೆ, ಪೂರ್ವಕ್ಕೆ ಮುಖ ಮಾಡಿದ ಒಂದು ಚೌಕವನ್ನು ಬರೆಯಿರಿ. ಸೇರ್ಯೋದೆನ್ ಹೆಯಾನ್ ಕಾಲದಲ್ಲಿ ಚಕ್ರವರ್ತಿಯ ನಿತ್ಯದ ವಾಸದ ಮನೆಯಾಗಿತ್ತು. ಆಮೇಲೆ ಅದೂ ಸಮಾರಂಭದ ಕಟ್ಟಡವಾಯಿತು. ಹೆಚ್ಚುಕಡಿಮೆ ಎರಡನೆಯ ಇಬ್ರಾಹಿಂ ಆದಿಲ್ ಶಾಹ ನಮ್ಮಲ್ಲಿ ಆಳುತ್ತಿದ್ದ ಹೊತ್ತಿಗೆ, ಹದಿನಾರನೆಯ ಶತಮಾನದ ಕೊನೆಯಲ್ಲಿ, ವಾಸಕ್ಕೆ ಬೇರೆ ಮನೆ ಕಟ್ಟಲಾಯಿತು. ಅಂಗಳದಲ್ಲಿ ಎರಡು ಬಿದಿರಿನ ಮೆಳೆಗಳನ್ನು ಕಟ್ಟಿಗೆಯ ಚೌಕಟ್ಟಿನೊಳಗೆ ಬೆಳೆಸಿದ್ದಾರೆ. ಒಳಗೆ ಚಕ್ರವರ್ತಿಯ ಹಗಲಿನ ಆಸನವೂ, ಪರದೆಗಳಿಂದ ಮುಚ್ಚಿದ ವಿಶ್ರಾಂತಿಯ ಮಂಚವೂ, ಅದರ ಮುಂದೆ ಕಾವಲಿಗೆ ಸಿಂಹದಂತಹ ಎರಡು ಬೊಂಬೆಗಳೂ ಇವೆ.

ಆದರೆ ವಿಜಯಪುರದವರು ಅರಸಿ ನೋಡಬೇಕಾದದ್ದು ಆಗ್ನೇಯ ಮೂಲೆಯನ್ನು. ಇಡೀ ಕಟ್ಟಡದ ನೆಲ ಮರದ ಹಲಗೆಗಳದ್ದು, ನೆಲದಿಂದ ಎತ್ತರದಲ್ಲಿದೆ. ಆ ಒಂದು ಮೂಲೆಯಲ್ಲಿ ಮಾತ್ರ ಹಲಗೆಯಿಲ್ಲ. ಅಲ್ಲಿ ಕೆಳಗಿನ ಭೂಮಿಯಿಂದಲೇ ಮಣ್ಣನ್ನು ಹಲಗೆಯ ಮಟ್ಟದವರೆಗೆ ತುಂಬಿ, ಮೇಲೆ ಸುಣ್ಣದ ಗಚ್ಚನ್ನು ಹಾಕಿ ನಯಗೊಳಿಸಿದ್ದಾರೆ. ಅದರ ಹೆಸರು ಇಶಿಬೈದಾನ್. ಚಕ್ರವರ್ತಿ ಪ್ರತಿದಿನ ಬೆಳಿಗ್ಗೆ ಇಸೆಯ ದೇವಾಲಯದ ಕಡೆಗೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದದ್ದು ಇಲ್ಲಿ. ಇಸೆ ಇರುವುದು ಕ್ಯೋಟೊದ ಆಗ್ನೇಯಕ್ಕೆ. ಮನೆಯೊಳಗೆ ಇದ್ದರೂ ಬರಿಯ ಭೂಮಿಯ ಮೇಲೆ ಕುಳಿತೇ ದೇವರನ್ನು ನೆನೆಯಬೇಕೆಂಬ ನಿಯಮವನ್ನು ಪಾಲಿಸಲು ಭೂಮಿಯನ್ನೇ ಮನೆಯೊಳಗೆ ಎತ್ತಿ ತಂದರು. ಗಚ್ಚಿನ ಕೆಲಸಕ್ಕೆ ಹೆಸರಾದ ಊರಿನವರಾದ ನಾವು, ಹಿಡಿ ಸುಣ್ಣಕ್ಕೆ ಇಂತಹ ಅರ್ಥವೂ ಇರಬಲ್ಲದೆಂದು ಇಲ್ಲಿ ಕಾಣುತ್ತೇವೆ. ಈ ಮೂಲೆಯನ್ನು ನಕ್ಷೆಯಲ್ಲಿ ಬಣ್ಣ ತುಂಬದೆ ಬಿಳಿಯಾಗಿಯೇ ಬಿಡಿರಿ.

ಹೊಂಡದ ಕಡೆಯವು ಮತ್ತು ಹಿಂಭಾಗ

ಶಿಶಿನ್‌ದೆನ್‌ನ ಈಶಾನ್ಯಕ್ಕೆ ಕೋಗೊಶೊ, ಅದರ ಉತ್ತರಕ್ಕೆ ಒಗಾಕುಮೊಂಜೊ ಎಂಬ ಅಧ್ಯಯನದ ಮನೆ; ಎರಡರ ಪೂರ್ವಕ್ಕೂ ಸೇತುವೆಗಳಿರುವ ಹೊಂಡ ಮತ್ತು ತೋಟ. ನಡುವಿನ ಅಂಗಳದಲ್ಲಿ ಕೆಮಾರಿ ಎಂಬ ಚೆಂಡಿನ ಆಟ ನಡೆಯುತ್ತಿತ್ತು. 1868ರ ಜನವರಿ 3ರಂದು ಚಕ್ರವರ್ತಿಯ ಆಳ್ವಿಕೆ ಮರಳಿತೆಂಬ ಘೋಷಣೆ ಒಗಾಕುಮೊಂಜೊದಲ್ಲಿ ಹೊರಬಿತ್ತು. ಅದೇ ರಾತ್ರಿ ಕೊನೆಯ ಶೋಗುನ್‌ನಾದ ತೊಕುಗಾವಾ ಯೋಶಿನೊಬುವಿನ ಭವಿಷ್ಯದ ಬಗ್ಗೆ ಕೋಗೊಶೊದಲ್ಲಿ ಬಿಸಿ ಚರ್ಚೆ ನಡೆಯಿತು. ಈಗ ಕಾಣುವ ಕೋಗೊಶೊ 1958ರದು. 1954ರಲ್ಲಿ ಕಾಮೊ ನದಿಯ ಬಳಿ ಹಾರಿಸಿದ ಬಾಣಬಿರುಸುಗಳ ಕಿಡಿ ಬಿದ್ದು ಹಳೆಯದು ಸುಟ್ಟುಹೋಗಿತ್ತು.

ಇವುಗಳ ಉತ್ತರಕ್ಕೆ ಒತ್ಸುನೆಗೋತೆನ್, ಚಕ್ರವರ್ತಿಯ ನಿಜವಾದ ಮನೆ. ಅದರಲ್ಲಿ 15 ಕೋಣೆಗಳಿವೆ. ಒಂದು ಕೋಣೆ ಪವಿತ್ರ ಖಡ್ಗ ಮತ್ತು ಮಣಿಯನ್ನು ಇಡುವುದಕ್ಕಾಗಿಯೇ ಮೀಸಲಾಗಿತ್ತು. ನೆಲಕ್ಕೆಲ್ಲ ತಾತಾಮಿ ಎಂಬ ದಪ್ಪ ಚಾಪೆ, ಕೋಣೆಗಳ ನಡುವೆ ಸರಿಸುವ ಹಲಗೆಗಳು. ಹೆಯಾನ್ ಕಾಲದ ತೆರೆದ ಅಂಕಣಗಳಿಂದ ಇದು ಬಹಳ ದೂರ ಬಂದಿದೆ. ತೀರ ಉತ್ತರಕ್ಕೆ ರಾಣಿಯರ ಮತ್ತು ಮಕ್ಕಳ ಮನೆಗಳಿವೆ. ಆ ಭಾಗವನ್ನು ತೆಳುವಾದ ಗೆರೆಯಿಂದ ಗುರುತಿಸಿದರೆ ಸಾಕು. ದಕ್ಷಿಣದಿಂದ ಉತ್ತರಕ್ಕೆ ಬೆರಳು ಸರಿಸಿದರೆ ಸಭೆಯಿಂದ ಸಂಸಾರಕ್ಕೆ ಹೋದಂತಾಗುತ್ತದೆ.

ನಕ್ಷೆಯನ್ನು ಕೈಯಲ್ಲಿ ಹಿಡಿದು ಹೋಗುವವರಿಗೆ

ಗೋಶೊ ಈಗ ಜಪಾನಿನ ಚಕ್ರವರ್ತಿ ಮನೆತನದ ಆಡಳಿತ ಸಂಸ್ಥೆಯ ಕೈಯಲ್ಲಿದೆ. 2016ರಿಂದ ಮುಂಗಡ ಅರ್ಜಿಯಿಲ್ಲದೆ, ಶುಲ್ಕವಿಲ್ಲದೆ ಒಳಗೆ ಬಿಡುತ್ತಾರೆ. ಸಾಮಾನ್ಯವಾಗಿ ಸೋಮವಾರ ರಜೆ. ಹೊರಡುವ ಮೊದಲು ಆ ವಾರದ ವೇಳಾಪಟ್ಟಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಕರಾಸುಮಾ ಮಾರ್ಗದ ಮೆಟ್ರೊದಲ್ಲಿ ಇಮಾದೆಗಾವಾ ನಿಲ್ದಾಣಕ್ಕೆ ಇಳಿದು ಸ್ವಲ್ಪ ನಡೆದರೆ ಸೇಶೋಮೊನ್ ಸಿಗುತ್ತದೆ. ಒಳಗೆ ಹೋಗುವುದೂ ಹೊರಗೆ ಬರುವುದೂ ಅಲ್ಲಿಂದಲೇ. ಕಟ್ಟಡಗಳ ಒಳಗೆ ಹತ್ತಲು ಅವಕಾಶವಿಲ್ಲ, ಹೊರಗಿನಿಂದಲೇ ನೋಡಬೇಕು. ಪ್ರವಾಸಿಗರ ಹಾದಿ ಪಶ್ಚಿಮದಿಂದ ದಕ್ಷಿಣಕ್ಕೆ, ಅಲ್ಲಿಂದ ಪೂರ್ವದ ಕಡೆಗೆ ಸುತ್ತಿಕೊಂಡು ಹೋಗುತ್ತದೆಯಾದ್ದರಿಂದ ನಕ್ಷೆ ಬರೆಯದೆ ಹೋದವರಿಗೆ ದಿಕ್ಕು ತಪ್ಪುತ್ತದೆ. ಜೋಮೇಮೊನ್ ಎದುರಿಗೆ ಬಂದಾಗ ಒಂದು ಕ್ಷಣ ನಿಂತು, ಬೆನ್ನ ಹಿಂದೆ ಕೆನ್‌ರೇಮೊನ್ ಇದೆಯೆಂದು ಖಚಿತಪಡಿಸಿಕೊಂಡು, ನಿಮ್ಮ ಹಾಳೆಯ ಕೆಂಪು ಗೆರೆಯ ಮೇಲೆ ಬೆರಳಿಡಿರಿ. ಸಮಯವಿದ್ದರೆ 1895ರಲ್ಲಿ ಕಟ್ಟಿದ ಹೆಯಾನ್ ದೇವಾಲಯಕ್ಕೂ ಹೋಗಬೇಕು. ಚೋದೋಯಿನ್ ಆವರಣದ ರೂಪವನ್ನು ಮೂಲದ ಎಂಟರಲ್ಲಿ ಐದು ಭಾಗದ ಅಳತೆಯಲ್ಲಿ ಅಲ್ಲಿ ತೋರಿಸಿದ್ದಾರೆ.

ಕೊನೆಗೆ ಅಳಿಸಬೇಕಾದ ಮೂಲೆ

ನಕ್ಷೆ ಮುಗಿಯಿತೆಂದು ಅನ್ನಿಸಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಆಯತದ ಈಶಾನ್ಯ ಮೂಲೆಯನ್ನು ರಬ್ಬರಿನಿಂದ ಅಳಿಸಿ, ಗೋಡೆಯನ್ನು ಅಲ್ಲಿ ಒಳಕ್ಕೆ ಮಡಿಸಿದಂತೆ ಸಣ್ಣದಾಗಿ ಕತ್ತರಿಸಿ ಬರೆಯಿರಿ. ನಮ್ಮಲ್ಲಿ ಈಶಾನ್ಯವೆಂದರೆ ದೇವಮೂಲೆ. ಬಾವಿಯನ್ನೋ ದೇವರ ಕೋಣೆಯನ್ನೋ ಅಲ್ಲಿ ಇಟ್ಟು, ಆ ಮೂಲೆ ಕತ್ತರಿಸಿರುವ ನಿವೇಶನವನ್ನು ಕೊಳ್ಳಲು ಜನ ಹಿಂಜರಿಯುತ್ತಾರೆ. ಕ್ಯೋಟೊದಲ್ಲಿ ಅದೇ ದಿಕ್ಕು ‘ಕಿಮೊನ್’, ಅಂದರೆ ಪಿಶಾಚಿಗಳ ಬಾಗಿಲು. ನಗರದ ಈಶಾನ್ಯಕ್ಕಿರುವ ಹಿಯೇ ಬೆಟ್ಟದ ಮೇಲೆ 788ರಲ್ಲಿ ಭಿಕ್ಷು ಸೈಚೊ ಸ್ಥಾಪಿಸಿದ ಎನ್‌ರ್ಯಾಕುಜಿ ವಿಹಾರವನ್ನು ರಾಜಧಾನಿಯ ಆ ದಿಕ್ಕಿನ ರಕ್ಷಕನೆಂದು ನಂಬುತ್ತ ಬಂದರು. ಅರಮನೆಯ ಗೋಡೆಗೆ ಮೂಲೆಯೇ ಇಲ್ಲದಂತೆ ಮಾಡಿದರೆ ಕೆಡುಕು ಹೊಕ್ಕಲು ಜಾಗವೇ ಇರುವುದಿಲ್ಲವೆಂಬುದು ಕಟ್ಟಿದವರ ಎಣಿಕೆ. ಈ ಸ್ಥಳದ ಹೆಸರು ಸಾರುಗಾತ್ಸುಜಿ, ಅಂದರೆ ಮಂಗನ ಕೂಡುದಾರಿ. ಅಲ್ಲಿಯ ಸೂರಿನ ಕೆಳಗೆ, ಹಿಯೇ ಬೆಟ್ಟದ ದೇವರ ದೂತನೆನಿಸಿದ ಮರದ ಮಂಗವೊಂದು ತಲೆಗೆ ಆಸ್ಥಾನದ ಟೋಪಿ ಧರಿಸಿ, ಹೆಗಲ ಮೇಲೆ ಪೂಜೆಯ ಕಾಗದದ ಕೋಲು ಹೊತ್ತು ಕುಳಿತಿದೆ. ಅದು ರಾತ್ರಿ ಹೊರಬಂದು ದಾರಿಹೋಕರನ್ನು ಕಾಡುತ್ತಿತ್ತೆಂದು ಕಥೆಯಿರುವುದರಿಂದ ಅದರ ಮುಂದೆ ತಂತಿಯ ಬಲೆಯನ್ನು ಬಿಗಿದಿದ್ದಾರೆ. ಗೋಡೆಯ ಹೊರಗಿನಿಂದ, ಉದ್ಯಾನದ ಹಾದಿಯಲ್ಲಿ ನಿಂತು ತಲೆಯೆತ್ತಿದರೆ ಬಲೆಯ ಹಿಂದೆ ಅದು ಕಾಣುತ್ತದೆ.